ನಾಲ್ಕು ಬಾಗಿಲು, ಮುನ್ನೂರ ಹನ್ನೆರಡು ಬಾಣ

ಬಾಣಗಳನ್ನು ಎಣಿಸಿದವಳು ನಾನು. ಮುನ್ನೂರ ಹನ್ನೆರಡು. ಎರಡು ಸಲ ಎಣಿಸಿದೆ. ತಪ್ಪಿರಲಿಲ್ಲ. ಆ ಸರಿಯಾದ ಎಣಿಕೆಯನ್ನೇ ಹಿಡಿದುಕೊಂಡು ವೇಣಿಯನ್ನು ಸಸ್ಪೆಂಡ್ ಮಾಡಿದರು.

ಬೊಮ್ಮಸಂದ್ರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ಹೆಸರು ವಾಸಂತಿ. ಓದಿದ್ದು ಬಿ.ಎಸ್ಸಿ. ಬಟ್ಟೆ ಒಗೆದರೆ ಎಷ್ಟು ಕುಗ್ಗುತ್ತದೆ, ಬೆವರಿಗೆ ಬಣ್ಣ ಬಿಡುತ್ತದೆಯೇ, ಗುಂಡಿ ಎಷ್ಟು ಎಳೆತ ತಾಳುತ್ತದೆ ಎಂದು ಅಳೆದು ಬರೆಯುತ್ತೇನೆ. ಚೆಕ್ಕರ್‌ಗಳಿಗೆ ಬಾಣದ ಸ್ಟಿಕ್ಕರ್ ಸುರುಳಿ ಕೊಟ್ಟು ಸಹಿ ಹಾಕಿಸಿಕೊಳ್ಳುವುದೂ ನಾನೇ.

ಚೆಕ್ಕರ್ ಎಂದರೆ ಹೊಲಿದ ಅಂಗಿಯನ್ನು ತಿರುವಿ ತಿರುವಿ ನೋಡುವವಳು. ಹೊಲಿಗೆ ಬಿಟ್ಟಿದ್ದರೆ, ಕಲೆಯಾಗಿದ್ದರೆ, ಅಲ್ಲಿ ಒಂದು ಕೆಂಪು ಬಾಣ ಅಂಟಿಸುತ್ತಾಳೆ. ಕಿರುಬೆರಳಿನ ಉಗುರಿನಷ್ಟು ಬಾಣ. ಇಲ್ಲಿ ತಪ್ಪಿದೆ, ಸರಿಮಾಡದೆ ಮುಂದೆ ಕಳಿಸಬೇಡ ಎಂದು ಅದರ ಅರ್ಥ. ಫ್ಲೋರಿನಲ್ಲಿ ನಾನೂರ ಎಂಬತ್ತು ಹೆಂಗಸರು. ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಕನ್ನಡ ಓದಲು ಬಾರದು. ಬಾಣ ಓದಲು ಎಲ್ಲರಿಗೂ ಬರುತ್ತದೆ.

ಒಂದು ಲೈನಿಗೆ ಅರವತ್ತು ಜನ. ಅರವತ್ತು ಜನಕ್ಕೆ ಎರಡು ಟೋಕನ್. ಟಾಯ್ಲೆಟ್ಟಿಗೆ ಹೋಗಬೇಕಾದರೆ ಟೋಕನ್ ಕೈಯಲ್ಲಿರಬೇಕು. ಟಾರ್ಗೆಟ್ ಹಿಂದೆ ಬಿದ್ದ ದಿನ ಫ್ಲೋರ್ ಮ್ಯಾನೇಜರ್ ಬಾಲಾಜಿ ಅವೆರಡನ್ನೂ ತನ್ನ ಕ್ಯಾಬಿನ್ನಿನಲ್ಲಿ ಇಟ್ಟುಕೊಳ್ಳುತ್ತಾನೆ.

ಜುಲೈ ತಿಂಗಳ ಒಂದು ಮಂಗಳವಾರ ಏಳನೇ ಲೈನಿನ ಶಾಂತಿ ಟೋಕನ್ ಕೇಳಿದಳು. ಕಾಲರ್ ಕೂರಿಸುವ ಟೈಲರ್ ಅವಳು. ಮುಟ್ಟಿನ ಎರಡನೇ ದಿನ. ಹತ್ತು ಗಂಟೆಗೆ ಕೇಳಿದಳು. ಹನ್ನೊಂದಕ್ಕೆ ಕೇಳಿದಳು. ಹನ್ನೊಂದೂವರೆಗೆ ಎದ್ದು ಕ್ಯಾಬಿನ್ನಿನ ಹತ್ತಿರವೇ ಹೋದಳು.

"ಪೀಸ್ ಎಷ್ಟಾಯ್ತು?" ಎಂದ ಬಾಲಾಜಿ.

"ಆಗ್ತಿದೆ ಸಾರ್. ಐದೇ ನಿಮಿಷ."

"ನಿಮ್ಮ ಐದು ನಿಮಿಷ ನಂಗೆ ಗೊತ್ತಿಲ್ವಾ? ಹೋಗಿ ಕೂತ್ಕೊಳಮ್ಮ."

ಹೋಗಿ ಕೂತಳು. ಹನ್ನೆರಡು ದಾಟಿದ ಮೇಲೆ ಅವಳ ಸ್ಟೂಲಿನಿಂದ ನೆಲಕ್ಕೆ ತೊಟ್ಟಿಕ್ಕಿತು. ಪಕ್ಕದವಳು ಕೂಗಿದಳು. ನೆಲ ಒರೆಸುವ ಧನಲಕ್ಷ್ಮಿ ಬಟ್ಟೆ ಹಿಡಿದು ಓಡಿಬಂದಳು. ಬಾಲಾಜಿ ಅವಳನ್ನು ತಡೆದ.

"ನೀನ್ ಬೇಡ. ಅವಳೇ ಒರಸ್ಲಿ. ಶಿಪ್‌ಮೆಂಟ್ ಮಾಲಿಗೆ ಕಲೆಯಾಗಿದ್ರೆ ಯಾರು ಜವಾಬ್ದಾರಿ?"

ತಿರಸ್ಕರಿಸಿದ ಒಂದು ಅಂಗಿಯನ್ನು ಅವಳ ಕಡೆ ಎಸೆದ. ಶಾಂತಿ ಮಂಡಿಯೂರಿ ಒರೆಸಿದಳು. ಸ್ಟೂಲು ಒರೆಸಿದಳು, ಸ್ಟೂಲಿನ ಕಾಲು ಒರೆಸಿದಳು, ನೆಲ ಒರೆಸಿದಳು. ಚೂಡಿದಾರದ ಹಿಂಭಾಗ ಅರವತ್ತು ಜನಕ್ಕೂ ಕಾಣುತ್ತಿತ್ತು. ನನಗೂ ಕಾಣುತ್ತಿತ್ತು. ಲ್ಯಾಬಿನ ಗೋಡೆ ಗಾಜಿನದು. ನಾನು ಒಂದು ತುಂಡು ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸಿ ಗಡಿಯಾರ ನೋಡುತ್ತಿದ್ದೆ. ಮೂವತ್ತು ನಿಮಿಷದ ಪರೀಕ್ಷೆ. ಹತ್ತೊಂಬತ್ತು ಆಗಿತ್ತು. ಉಳಿದ ಹನ್ನೊಂದು ನಿಮಿಷವನ್ನೂ ಮುಗಿಸಿದೆ.

ಮರುದಿನ ಬೆಳಿಗ್ಗೆ ವೇಣಿ ಹೊಸ ಸುರುಳಿ ತೆಗೆದುಕೊಂಡಳು. ಏಳನೇ ಲೈನಿನ ಚೆಕ್ಕರ್. ಕುಳ್ಳಿ, ಎಡಚಿ, ಬಾಯಿ ಜೋರು. ಅವತ್ತು ಮಾತಾಡಲಿಲ್ಲ. ಟೀ ಸಮಯದಲ್ಲಿ ಟಾಯ್ಲೆಟ್ ಬಾಗಿಲಿಗೆ ಒಂದು ಬಾಣ ಅಂಟಿಸಿ ಬಂದಳು. ಸುರುಳಿಯನ್ನು ಪೀಸುಗಳ ಟ್ರಾಲಿಯ ಮೇಲೆ ಇಟ್ಟಳು. ಟ್ರಾಲಿ ಲೈನಿನಿಂದ ಲೈನಿಗೆ ಹೋಗುತ್ತದೆ. ಸುರುಳಿಯೂ ಹೋಯಿತು, ಒಬ್ಬೊಬ್ಬಳೇ ಬಾಣ ಬಿಡಿಸಿಕೊಂಡು ಹೋಗಿ ಅಂಟಿಸಿ ಬಂದಳು. ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಬಾಗಿಲು ಕೆಂಪಾಗಿದ್ದವು. ಘೋಷಣೆ ಇಲ್ಲ, ಬ್ಯಾನರ್ ಇಲ್ಲ. ಹನ್ನೆರಡೂ ಹತ್ತಕ್ಕೆ ಮೆಷಿನ್‌ಗಳು ನಿಂತವು. ನಾನೂರ ಎಂಬತ್ತು ಜನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನಲವತ್ತು ನಿಮಿಷ ಕೂತರು.

ಬಾಲಾಜಿ ಧನಲಕ್ಷ್ಮಿಯಿಂದ ಬಾಣಗಳನ್ನು ಕೀಳಿಸಿದ. ಅವಳು ಉಗುರಿನಿಂದ, ಬ್ಲೇಡಿನಿಂದ ಕಿತ್ತು ಕವರಿನಲ್ಲಿ ತುಂಬಿ ಲ್ಯಾಬಿಗೆ ತಂದಳು. ಎರಡು ಬೆರಳಿನಲ್ಲಿ ರಕ್ತ. ನಾನು ಎಣಿಸಿದೆ. ಸುರುಳಿಯಲ್ಲಿ ಉಳಿದದ್ದನ್ನೂ ಎಣಿಸಿದೆ, ಆರುನೂರ ಎಂಬತ್ತೆಂಟು. ಕೂಡಿದರೆ ಸರಿಯಾಗಿ ಸಾವಿರ, ಒಂದು ಸುರುಳಿಯ ಲೆಕ್ಕ. ಬಾಲಾಜಿ ಹೇಳಿದಂತೆ ಬರೆದೆ: ಬಾಗಿಲುಗಳ ಮೇಲಿದ್ದ ಎಲ್ಲ ಸ್ಟಿಕ್ಕರ್‌ಗಳೂ ವೇಣಿ ಎಂಬ ಕಾರ್ಮಿಕಳಿಗೆ ಕೊಟ್ಟ ಸುರುಳಿಯಿಂದ ಬಂದವು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಹಿ ಹಾಕಿದೆ.

ಮ್ಯಾನೇಜ್‌ಮೆಂಟ್ ಅದರ ಮೇಲೆ ತನ್ನ ಮಾತು ಕಟ್ಟಿತು. ಒಬ್ಬಳೇ ಮಾಡಿದ್ದು. ಕಂಪನಿಯ ಸಾಮಾನು ದುರುಪಯೋಗ, ಆಸ್ತಿಗೆ ಹಾನಿ. ಪ್ರತಿಭಟನೆ ಎಂಬುದೇ ನಡೆದಿಲ್ಲ, ಅವತ್ತು ಕರೆಂಟ್ ಹೋಗಿತ್ತು. ಎಲ್ಲರೂ ಸೇರಿ ಮಾಡಿದ್ದು ಎಂದಾದರೆ ಟೋಕನ್ನಿನ ವಿಷಯ ಮಾತಿಗೆ ಬರುತ್ತದೆ. ಶಾಂತಿಯ ಹೆಸರು ಬರುತ್ತದೆ. ಒಬ್ಬಳೇ ಎಂದಾದರೆ ವೇಣಿ ಮನೆಗೆ ಹೋಗುತ್ತಾಳೆ, ಅಲ್ಲಿಗೆ ಮುಗಿಯಿತು. ವೇಣಿಯ ಯೂನಿಯನ್ನಿನವರು ಲೇಬರ್ ಆಫೀಸಿಗೆ ದೂರು ಕೊಟ್ಟರು. ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ. ಶಾಂತಿಯೂ ಬರಲಿಲ್ಲ. ಬಂದರೆ ಆ ಸ್ಟೂಲಿನ ಕತೆಯನ್ನು ಗಂಡಸರ ಮುಂದೆ ಬಾಯಿಬಿಟ್ಟು ಹೇಳಬೇಕಿತ್ತು.

ಆದರೆ ಬಾಣಗಳು ಹೋಗಿರಲಿಲ್ಲ.

ಸ್ಟಿಕ್ಕರಿನ ಅಂಟು ಒಣಗುವ ಜಾತಿಯದಲ್ಲ. ಕಾಗದ ಕಿತ್ತರೂ ಅಂಟು ಬಾಗಿಲಲ್ಲೇ ಉಳಿಯಿತು. ನೀರಿಗೆ ಬಿಡುವುದಿಲ್ಲ. ಗಾರ್ಮೆಂಟ್ಸಿನ ಗಾಳಿಯಲ್ಲಿ ಇಡೀ ದಿನ ನೂಲಿನ ಧೂಳು ಹಾರುತ್ತದೆ. ಅದು ಬಂದು ಅಂಟಿನ ಮೇಲೆ ಕೂತಿತು. ಧನಲಕ್ಷ್ಮಿ ದಿನಾ ಬಾಗಿಲು ಒರೆಸುತ್ತಿದ್ದಳು. ಒರೆಸಿದಷ್ಟೂ ಸುತ್ತಲ ಧೂಳು ಹೋಗಿ ಬಾಣ ಇನ್ನಷ್ಟು ಎದ್ದು ಕಂಡಿತು. ಒಂದನೇ ಎರಡನೇ ಲೈನಿನಲ್ಲಿ ಆ ತಿಂಗಳು ನೀಲಿ ಶರಟು ಓಡುತ್ತಿತ್ತು. ಅವರ ಕಡೆಯ ಬಾಗಿಲಲ್ಲಿ ನೀಲಿ ಬಾಣಗಳು ಹುಟ್ಟಿದವು. ಏಳು, ಎಂಟನೇ ಲೈನಿನಲ್ಲಿ ಮಕ್ಕಳ ಗುಲಾಬಿ ಫ್ರಾಕು. ಅಲ್ಲಿ ಗುಲಾಬಿ. ಆರು ವಾರಕ್ಕೆ ಪ್ರತಿ ಬಾಣಕ್ಕೂ ಮೃದುವಾದ ತುಪ್ಪಳ ಬಂದಿತ್ತು.

ಆ ಹೊತ್ತಿಗೆ ವಿಡಿಯೊ ಕಲಾವಿದೆ ತನ್ಮಯಿ ಬಂದಳು.

ಮಾಲೀಕರ ಮನೆಯವರು ಕಲೆಗೆಂದು ಒಂದು ಟ್ರಸ್ಟ್ ಮಾಡಿದ್ದರು. ವೈಟ್‌ಫೀಲ್ಡಿನಲ್ಲಿ ಅವರ ಹೊಸ ಆಫೀಸು. ಅದರ ಸ್ವಾಗತದ ಕೋಣೆಯಲ್ಲಿ ಗೋಡೆಯಗಲದ ಪರದೆ. ಅದರಲ್ಲಿ ತೋರಿಸಲು ಕಾರ್ಖಾನೆಯ ಒಂದು ವಿಡಿಯೊ ಬೇಕಿತ್ತು. ಎರಡು ಷರತ್ತು: ಕಂಪನಿಯ ಹೆಸರು ಬರಬಾರದು, ಮನುಷ್ಯರ ಮುಖ ಬರಬಾರದು. ತನ್ಮಯಿಗೆ ಎರಡನೆಯದು ಷರತ್ತಾಗಿ ಕಾಣಲೇ ಇಲ್ಲ. ಅವಳ ಕೆಲಸವೇ ಅದು. ಟಯರ್ ಸುಟ್ಟ ರಸ್ತೆಯ ಕಪ್ಪು, ಸುಣ್ಣ ಬಳಿದು ಮುಚ್ಚಿದ ಘೋಷಣೆ, ಬ್ಯಾನರ್ ಬಿಚ್ಚಿದ ಮೇಲೆ ಕಂಬದಲ್ಲಿ ಉಳಿದ ತಂತಿ, ಜನ ಓಡಿಹೋದ ಮೇಲೆ ಬಿದ್ದಿರುವ ಚಪ್ಪಲಿ. ಇಂಥವನ್ನು ಏಳೆಂಟು ವರ್ಷದಿಂದ ಚಿತ್ರೀಕರಿಸುತ್ತಿದ್ದಳು. ಇಂಗ್ಲಿಷ್ ಬರುತ್ತದೆಂದು ಅವಳ ಜೊತೆ ನನ್ನನ್ನು ಹಾಕಿದರು. ಮೊದಲ ದಿನವೇ ಅವಳು ಟಾಯ್ಲೆಟ್ ಬಾಗಿಲ ಮುಂದೆ ನಿಂತುಬಿಟ್ಟಳು.

"ಏನಿದು?" ಎಂದಳು ಪಿಸುಮಾತಿನಲ್ಲಿ.

"ಅಂಟು," ಎಂದೆ.

"ಇಷ್ಟೊಂದಾ? ಯಾರ್ ಮಾಡಿದ್ದು?"

ನೆಲ ಒರೆಸುತ್ತಿದ್ದ ಧನಲಕ್ಷ್ಮಿ ತಲೆಯೆತ್ತಿ ಎಲ್ಲವನ್ನೂ ಹೇಳಿದಳು. ಸ್ಟೂಲು, ಟೋಕನ್, ವೇಣಿ. ನನ್ನ ಸಹಿಯನ್ನೂ ಬಿಡಲಿಲ್ಲ. ತನ್ಮಯಿ ಕ್ಯಾಮರಾ ಚೀಲವನ್ನು ಹೆಗಲಿನಿಂದ ಇಳಿಸಿದಳು.

ಮೂರು ದಿನ ಅಲ್ಲೇ ಕೂತಳು. ಒಂದೊಂದು ಬಾಣಕ್ಕೂ ಹತ್ತಿರದ ಲೆನ್ಸು. ಯಾವ ಚಿತ್ರ ಯಾವ ಬಾಣದ್ದೆಂದು ಆಮೇಲೆ ತಿಳಿಯಲು ಪಟ್ಟಿ ಬೇಕಿತ್ತು. ನಾನು ಇಂಚುಪಟ್ಟಿ ಹಿಡಿದು ನೆಲದಿಂದ ಎತ್ತರ ಅಳೆದೆ. ಮೂತಿ ಯಾವ ಕಡೆ, ಎಷ್ಟು ವಾಲಿದೆ, ಧೂಳಿನ ಬಣ್ಣ ಯಾವುದು ಎಂದು ಬರೆದೆ. ಅಳೆಯುವುದು ನನಗೆ ಅಭ್ಯಾಸ. ಅತಿ ಕೆಳಗಿನದು ಮೂವತ್ತೆಂಟು ಸೆಂಟಿಮೀಟರ್. ಅದು ಒಳಬದಿಯಲ್ಲಿತ್ತು. ಒಳಗೆ ಕೂತವಳು ಕೂತಲ್ಲಿಂದಲೇ ಅಂಟಿಸಿದ್ದಳು. ಅತಿ ಮೇಲಿನದು ನೂರ ತೊಂಬತ್ತೆಂಟು.

ಕ್ಯಾಮರಾದ ಮೂರು ಕಾಲಿನ ಸ್ಟ್ಯಾಂಡ್ ದಾರಿಗಡ್ಡ ನಿಂತಿತ್ತು. ಟೋಕನ್ ಹಿಡಿದು ಬಂದವರು ಹಿಂದೆ ಸಾಲಾಗಿ ನಿಂತರು.

"ಮೇಡಂ, ನಿಮ್ಮ ಶೂಟಿಂಗ್ ಮುಗಿಯೋವರ್ಗೂ ನಾವು ತಡ್ಕೊಂಡ್ ನಿಂತಿರ್ಬೇಕಾ?" ಎಂದಳೊಬ್ಬಳು. "ಬಾಲಾಜಿ ಸಾರ್ ಒಬ್ರೇ ಸಾಕಿತ್ತು ನಮ್ಗೆ."

ಸಾಲು ನಕ್ಕಿತು. ತನ್ಮಯಿಯ ಕಿವಿ ಕೆಂಪಾಯಿತು. ಸಾರಿ ಸಾರಿ ಎನ್ನುತ್ತ ಕ್ಯಾಮರಾವನ್ನು ಎಳೆದುಕೊಂಡಳು.

ಬುಧವಾರ ಊಟದ ಹೊತ್ತಿಗೆ ಲ್ಯಾಬಿನಲ್ಲಿ ತನ್ನ ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಧನಲಕ್ಷ್ಮಿ ಕಸ ತೆಗೆಯಲು ಬಂದಿದ್ದಳು. ಗುಂಡಿಯ ಮಾದರಿ ಕೊಡಲು ಬಂದ ಶಾಂತಿ ಬಾಗಿಲಲ್ಲೇ ನಿಂತಳು. ಪರದೆಯ ತುಂಬ ಒಂದೇ ಬಾಣ. ಗುಲಾಬಿ ಎಳೆಗಳು ಹುಲ್ಲಿನಂತೆ ನಿಂತಿದ್ದವು. ಯಾರೋ ಹಿಂದೆ ಹಾದುಹೋದರೆ ಗಾಳಿಗೆ ನಡುಗುತ್ತಿದ್ದವು. ಸದ್ದಿಲ್ಲ. ಒಂದು ನಿಮಿಷ ಹಾಗೇ. ಆಮೇಲೆ ಇನ್ನೊಂದು. ನಿಜವಾಗಿಯೂ ಚೆನ್ನಾಗಿತ್ತು. ನಾನು ಉಸಿರು ಹಿಡಿದು ನೋಡಿದೆ.

"ನಾ ಕಿತ್ತಿದ್ದು ಇಷ್ಟ್ ಚೆಂದಾಗೈತಾ!" ಎಂದು ಧನಲಕ್ಷ್ಮಿ ನಕ್ಕಳು. ಸ್ವಲ್ಪ ಹೊತ್ತು ನೋಡಿ ಕೇಳಿದಳು, "ಜನ ಯಾವಾಗ ಬತ್ತಾರೆ?"

"ಜನ ಬರಲ್ಲ ಅಕ್ಕ. ಪ್ರತಿಭಟನೆ ಮುಗಿದ್ಮೇಲೆ ಏನು ಉಳಿಯುತ್ತೆ, ಅದನ್ನ ತೋರಿಸ್ತೀನಿ. ಅವರು ಇಲ್ಲದಿರೋದೇ ಮಾತಾಡುತ್ತೆ."

"ಮುಗೀತು ಅಂತ ಯಾರ್ ಯೋಳಿದ್ದು?"

ತನ್ಮಯಿ ವಿಡಿಯೊ ನಿಲ್ಲಿಸಿದಳು.

"ನಾವು ಇಲ್ಲೇ ಇದೀವಲ್ಲ ಮೇಡಂ. ಇವ್ಳು ಇಲ್ಲೇ ನಿಂತವ್ಳೆ. ವೇಣಿ ಚಂದಾಪುರದಾಗೆ ಮನ್ಲಿ ಕೂತವ್ಳೆ. ಸತ್ತೋರ್ ಸಾಮಾನು ತೆಗ್ದಂಗೆ ಯಾಕ್ ತೆಗೀತೀರ?"

ಶಾಂತಿ ಗುಂಡಿಗಳನ್ನು ಮೇಜಿನ ಮೇಲಿಟ್ಟು ಹೋದಳು. ಆರು ವಾರದಿಂದ ಅವಳು ಫ್ಲೋರಿನಲ್ಲಿ ಮಾತೇ ಆಡಿರಲಿಲ್ಲ.

ಧನಲಕ್ಷ್ಮಿ ಹೋದ ಮೇಲೆ ನಾನು ತನ್ಮಯಿಯನ್ನು ಕೇಳಿದೆ. "ನಾಳೆ ಮೂರು ಗಂಟೆಗೆ ಲೇಬರ್ ಆಫೀಸರ್ ಬರ್ತಿದಾರೆ. ಈ ವಿಡಿಯೊ ಅವರಿಗೆ ಕೊಡ್ತೀರಾ? ಇದನ್ನ ನೋಡಿದ್ರೆ ಒಬ್ಬಳ ಕೆಲಸ ಅಲ್ಲ ಅಂತ ಗೊತ್ತಾಗುತ್ತೆ."

"ಕಾಂಟ್ರ್ಯಾಕ್ಟ್ ಪ್ರಕಾರ ಇದು ಟ್ರಸ್ಟಿಂದು. ಕೊಟ್ರೆ ನಾಳೆ ಯಾವ ಫ್ಯಾಕ್ಟರಿ ಒಳಗೂ ನನ್ನ ಬಿಡಲ್ಲ." ಲ್ಯಾಪ್‌ಟಾಪ್ ಮುಚ್ಚಿದಳು. "ವಾಸಂತಿ, ವಿಡಿಯೊ ಯಾಕೆ ಬೇಕು? ನೀವೇ ಹೇಳ್ಬಹುದಲ್ಲ. ಅವರ ಹತ್ರ ಇರೋದು ನಿಮ್ಮ ಸಹಿ."

ನಾನು ಗುಂಡಿಗಳನ್ನು ಎತ್ತಿಕೊಂಡು ಪರೀಕ್ಷೆಗೆ ಕೂತೆ.

ಗುರುವಾರ ಹನ್ನೆರಡು ಗಂಟೆಗೆ ಬಾಲಾಜಿ ಲ್ಯಾಬಿಗೆ ಬಂದ. ಮೂರು ಗಂಟೆಯೊಳಗೆ ಬಾಗಿಲು ಸ್ವಚ್ಛವಾಗಬೇಕು, ಅಂಟು ಕರಗಿಸುವ ದ್ರಾವಣ ಬೇಕು ಎಂದ. ನನ್ನ ಬೀರುವಿನಲ್ಲಿತ್ತು. ಚರ್ಮಕ್ಕೆ ತಗುಲಿದರೆ ಉರಿಯುತ್ತದೆ, ಮುಚ್ಚಿದ ಜಾಗದಲ್ಲಿ ಉಸಿರಾಡಿದರೆ ತಲೆ ತಿರುಗುತ್ತದೆ. ಬಾಟಲಿ ತೆಗೆದುಕೊಟ್ಟೆ. ಕೈಗವಸು ಹಾಕಿಕೊ ಎಂದು ಧನಲಕ್ಷ್ಮಿಗೆ ಹೇಳಿದೆ. ನನ್ನ ಪ್ರತಿಭಟನೆ ಅಷ್ಟೇ ಇತ್ತು. ಅವಳನ್ನು ಕೆಲಸಕ್ಕೆ ಕಳಿಸಿದ ಏಜೆನ್ಸಿಯವರು ಕೈಗವಸು ಕೊಟ್ಟೇ ಇರಲಿಲ್ಲ.

ಟಾಯ್ಲೆಟ್ಟಿನ ಮುಂದೆ ತನ್ಮಯಿ ಆಗಲೇ ಕ್ಯಾಮರಾ ಹೂಡಿದ್ದಳು. ಅಳಿಸುವುದು ಅವಳಿಗೆ ಬೇಕಿತ್ತು. ಗುರುತೂ ಅಳಿದುಹೋಗುವ ಆ ಗಳಿಗೆ. ಅವಳ ಕಣ್ಣು ಹೊಳೆಯುತ್ತಿದ್ದವು.

"ಅಕ್ಕ, ಒಂದ್ನಿಮಿಷ. ಲೈಟ್ ಸರಿ ಮಾಡ್ಕೊಳ್ತೀನಿ. ನಿಧಾನಕ್ಕೆ ಒರಸಿ. ಮೇಲಿಂದ ಕೆಳಕ್ಕೆ. ಕೈ ಮಾತ್ರ ಬರುತ್ತೆ. ಮುಖ ಬರಲ್ಲ, ಹೆದರ್ಬೇಡಿ."

ಧನಲಕ್ಷ್ಮಿ ಬಾಟಲಿಯ ಮುಚ್ಚಳ ತಿರುಗಿಸಿದ್ದಳು. ನಿಲ್ಲಿಸಿದಳು.

"ಕೈ ಮಾತ್ರನಾ?"

"ಹ್ಞೂಂ. ಕೈ ಮಾತ್ರ."

ಅವಳು ಮುಚ್ಚಳವನ್ನು ಮತ್ತೆ ತಿರುಗಿಸಿ ಹಾಕಿದಳು. ಬಾಟಲಿಯನ್ನು ನೆಲದ ಮೇಲಿಟ್ಟಳು. ಬಟ್ಟೆಯನ್ನು ಅದರ ಮೇಲಿಟ್ಟಳು.

"ನಾ ಒರಸಲ್ಲ."

"ಏನಂದೆ?" ಎಂದ ಬಾಲಾಜಿ.

"ಒರಸಲ್ಲ ಅಂದೆ ಸಾ."

"ಇವರ ಜೊತೆ ಸೇರ್ಕೊಂಡ್ಯಾ ನೀನೂ? ಯೂನಿಯನ್ ಸೇರ್ಕೊಂಡ್ಯಾ?"

"ಯಾರ್ ಜೊತೆ ಸೇರ್ಲಿ?" ಧನಲಕ್ಷ್ಮಿಯ ದನಿ ಏರಿತು. ಅದು ಬಾಲಾಜಿಗಿಂತ ಫ್ಲೋರಿಗೆ ಹೆಚ್ಚು ಕೇಳಿಸಿತು. "ಇವ್ರು ನಂಗೊಂದ್ ಬಾಣ ಕೊಟ್ರಾ? ಟ್ರಾಲಿ ನನ್ನ ಮುಂದ್ಲಿಂದ್ಲೇ ಓಯ್ತು. ಒಬ್ಳಾದ್ರೂ ತಗಾ ಧನಲಕ್ಷ್ಮಿ, ನೀನೂ ಅಂಟ್ಸು ಅಂದ್ಳಾ? ಉಣ್ಣೋಕೆ ಮೆಟ್ಲ ಕೆಳ್ಗೆ ಕೂರ್ಸ್ತಾರೆ. ನನ್ ಲೋಟ ಬ್ಯಾರೆ ಮಡಗವ್ರೆ. ಅಂಟ್ಸಾಗ ಕರೀಲಿಲ್ಲ, ಕೀಳಾಗ ಕರುದ್ರಿ. ಕಿತ್ತೆ. ಉಗುರು ಕಿತ್ಕೊಂಡು ಓಯ್ತು. ಈಗ ಔಸ್ದಿ ಆಕಿ ತಿಕ್ಕು ಅಂತೀರ. ಇವ್ರಿಗೋಸ್ಕರ ಅಲ್ಲ ಸಾ. ನನ್ ಕೈಗೋಸ್ಕರ. ಒರಸಲ್ಲ."

ಅವಳು ಹೇಳಿದ್ದರಲ್ಲಿ ಅಲ್ಲಗಳೆಯುವಂಥದ್ದು ಏನೂ ಇರಲಿಲ್ಲ. ಅವಳು ಕುಡಿದ ಲೋಟವನ್ನು ಲ್ಯಾಬಿನಲ್ಲಿ ನಾನೂ ಬೇರೆ ಇಡುತ್ತೇನೆ. ಅದರ ತಳಕ್ಕೆ ಗುರುತಿಗೆಂದು ಪೇಂಟ್ ಹಚ್ಚಿದ್ದೇನೆ.

"ನಾಳೆಯಿಂದ ಕೆಲಸಕ್ಕೆ ಬರ್ಬೇಡ."

"ನಾಳೆದು ನಾಳೆ. ಇವತ್ತು ಒರಸಲ್ಲ."

ಬಾಲಾಜಿ ಸುತ್ತ ನೋಡಿದ. ಗಂಟೆ ಒಂದಾಗುತ್ತಿತ್ತು. ಎಂಟನೇ ಲೈನಿನ ಹೆಲ್ಪರ್ ಹುಡುಗಿಯನ್ನು ಕರೆದ. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು. "ಅಯ್ಯೋ, ಅದನ್ನ ನಾನ್ಯಾಕ್ ಮುಟ್ಲಿ ಸಾರ್?" ಪ್ಯಾಕಿಂಗಿನವನನ್ನು ಕರೆದ. ಅವನು ಮನೆಯಲ್ಲಿ ವ್ರತ ಎಂದ. ಸೆಕ್ಯುರಿಟಿಯವನು ನನ್ನ ಕೆಲಸ ಗೇಟಿನಲ್ಲಿ ಎಂದ. ಬಾಟಲಿ ನೆಲದ ಮೇಲಿತ್ತು. ಅದನ್ನು ಎತ್ತಿಕೊಳ್ಳಲು ಯಾರಿಗೂ ಆಗಲಿಲ್ಲ, ಬಾಲಾಜಿಗೂ. ಇಷ್ಟು ವರ್ಷ ಆ ಬಾಗಿಲನ್ನು ಅವಳೊಬ್ಬಳ ಕೈಗೇ ಮೀಸಲಿಟ್ಟಿದ್ದರು. ಆ ಕೈ ಒಲ್ಲೆ ಎಂದಿತು. ಐನೂರು ಜನ ದುಡಿಯುವ ಜಾಗದಲ್ಲಿ ಒಂದು ಬಾಗಿಲು ಒರೆಸುವವರು ಇರಲಿಲ್ಲ.

ಕೊನೆಗೆ ಅವನು ಬಡಗಿ ಮಲ್ಲಿಕ್‌ನನ್ನು ಕರೆಸಿದ. ನಾಲ್ಕೂ ಬಾಗಿಲು ಬಿಚ್ಚು ಎಂದ.

"ಬಿಚ್ಚಿದ್ರೆ ಲೇಡೀಸ್ ಏನ್ ಮಾಡ್ಬೇಕು ಸಾರ್?"

"ಇವತ್ತೊಂದಿನ. ರಿಪೇರಿ ಅಂತ ಹೇಳೋಣ. ಬಿಚ್ಚು."

ಮಲ್ಲಿಕ್ ಸ್ಕ್ರೂ ಬಿಚ್ಚಿದ. ನಾಲ್ಕು ಖಾಲಿ ಚೌಕಟ್ಟು. ಒಳಗಿನ ಬಕೆಟ್ಟು, ಮಗ್ಗು, ನಲ್ಲಿ, ಎಲ್ಲ ಫ್ಲೋರಿಗೆ ಕಾಣುತ್ತಿದ್ದವು. ಆಗಷ್ಟೇ ಟೋಕನ್ ಹಿಡಿದು ಬಂದವಳು ಚೌಕಟ್ಟು ನೋಡಿ, ಟೋಕನ್ ನೋಡಿ, ತನ್ನ ಮೆಷಿನ್ನಿಗೆ ವಾಪಸು ಹೋದಳು.

ಹಿಂದಿನ ದಾರಿಯಲ್ಲಿ ಶಿಪ್‌ಮೆಂಟಿನ ಪೆಟ್ಟಿಗೆಗಳು ಛಾವಣಿಯವರೆಗೆ ಇದ್ದವು. ಬಾಗಿಲುಗಳನ್ನು ಫ್ಲೋರಿನ ನಡುವಿನಿಂದಲೇ ಒಯ್ಯಬೇಕಾಯಿತು. ಇಬ್ಬಿಬ್ಬರು ಲೋಡರ್‌ಗಳು ಒಂದೊಂದು ಬಾಗಿಲು ಹೊತ್ತರು. ಒಂದನೇ ಲೈನು, ಎರಡನೇ ಲೈನು. ಹೆಂಗಸರು ಸೂಜಿಯಿಂದ ಕಣ್ಣೆತ್ತಿ ನೋಡಿದರು. ತಾವು ಅಂಟಿಸಿದ್ದು ನೀಲಿಯಾಗಿ, ಗುಲಾಬಿಯಾಗಿ, ಹೆಣದಂತೆ ಮಲಗಿ ಹೋಗುತ್ತಿತ್ತು. ಬಾಗಿಲು ದಾಟಿದ ಲೈನುಗಳಲ್ಲಿ ಮೆಷಿನ್ ಸದ್ದು ಒಂದೊಂದಾಗಿ ಕಮ್ಮಿಯಾಯಿತು.

ಏಳನೇ ಲೈನಿನ ತಿರುವು ಇಕ್ಕಟ್ಟು. ಮುಂದಿನ ಲೋಡರ್‌ಗಳು ಬಾಗಿಲನ್ನು ನೆಲಕ್ಕಿಳಿಸಿದರು. ಹಿಂದಿನ ಮೂರೂ ಬಾಗಿಲು ನಿಂತವು, ಅವನ್ನೂ ಇಳಿಸಿದರು.

ಶಾಂತಿ ಎದ್ದಳು. ಮೆಷಿನ್ ಆಫ್ ಮಾಡಿದಳು. ನಡೆದುಬಂದು ಬಾಗಿಲಿನ ಮೇಲೆ ಕೂತಳು. ಕಾಲು ಮಡಚಿ, ಸರಿಯಾಗಿ ಮಧ್ಯದಲ್ಲಿ.

ಲೋಡರ್‌ಗಳು ಹಿಂದೆ ಸರಿದರು.

"ಏಯ್, ಏಳಮ್ಮ," ಎಂದ ಬಾಲಾಜಿ.

ಅವಳು ಏಳಲಿಲ್ಲ.

"ಕಿವಿ ಕೇಳ್ಸಲ್ವಾ? ಏಳು!"

"ಟೋಕನ್ ಕೊಡಿ ಸಾರ್," ಎಂದಳು ಶಾಂತಿ. "ಏಳ್ತೀನಿ."

ಎಲ್ಲೋ ಒಬ್ಬಳು ನಕ್ಕಳು. ಆ ನಗು ಅಳುವಿನ ಹಾಗಿತ್ತು. ಮೂರನೇ ಲೈನಿನಿಂದ ಇಬ್ಬರು ಬಂದು ಹಿಂದಿನ ಬಾಗಿಲ ಮೇಲೆ ಕೂತರು. ಆಮೇಲೆ ಯಾರು ಯಾವಾಗ ಎದ್ದರೋ ಕಾಣಲಿಲ್ಲ. ನಾಲ್ಕು ಬಾಗಿಲ ಮೇಲೆ ಹಿಡಿಸುವಷ್ಟು ಜನ ಕೂತರು, ಹಿಡಿಸದವರು ಸುತ್ತ ನಿಂತರು. ಬಾಲಾಜಿ ಕೈ ಚಾಚಿ ಶಾಂತಿಯ ರಟ್ಟೆ ಹಿಡಿಯಲು ಹೋದ. ಕತ್ತರಿ ಹಿಡಿದೇ ಎದ್ದು ಬಂದಿದ್ದ ಒಬ್ಬಳು ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಕೈ ತೆಗೆದ.

ಒಬ್ಬಳು ಧನಲಕ್ಷ್ಮಿಯ ಕಡೆ ತಿರುಗಿ ಜಾಗ ಮಾಡಿದಳು. "ಬಾ ಧನಕ್ಕ. ಕೂತ್ಕೊ."

"ಈಗ ಕಾಣ್ಸಿದ್ನಾ?" ಎಂದಳು ಧನಲಕ್ಷ್ಮಿ. ಗೋಡೆಗೆ ಒರಗಿ ನಿಂತೇ ಇದ್ದಳು. ಯಾರೂ ಎರಡನೇ ಸಲ ಕರೆಯುವ ಧೈರ್ಯ ಮಾಡಲಿಲ್ಲ.

ತನ್ಮಯಿ ಕ್ಯಾಮರಾವನ್ನು ಕೈಯಲ್ಲಿ ಹಿಡಿದು ನನ್ನ ಪಕ್ಕದಲ್ಲಿದ್ದಳು. ಅದು ನೆಲದ ಕಡೆ ತಿರುಗಿತ್ತು.

"ಕ್ಯಾಮರಾ ಒಳಗಿಡಿ ಮೇಡಂ!" ಬಾಲಾಜಿ ಕೂಗಿದ. "ಟ್ರಸ್ಟಿಗೆ ಫೋನ್ ಮಾಡ್ತೀನಿ."

ತನ್ಮಯಿ ಅವನನ್ನು ನೋಡಲಿಲ್ಲ. ಶಾಂತಿಯ ಎದುರು ಹೋಗಿ ಕುಕ್ಕರುಗಾಲಲ್ಲಿ ಕೂತಳು. "ತೆಗೀಲಾ?" ಎಂದು ಕೇಳಿದಳು. ಮೂರು ದಿನದಲ್ಲಿ ಅವಳು ಯಾರನ್ನಾದರೂ ಹಾಗೆ ಕೇಳಿದ್ದು ಅದೇ ಮೊದಲು.

"ಮುಖ ಬರೋ ಹಾಗೆ ತೆಗೀರಿ," ಎಂದಳು ಶಾಂತಿ.

ಒಂದೂವರೆ ಗಂಟೆ ಹೊತ್ತು ಅವರು ಕೂತಿದ್ದರು. ನಡುವೆ ಯಾರಿಗಾದರೂ ಹೋಗಬೇಕಾದರೆ ನಾಲ್ಕು ಜನ ಜೊತೆಗೆ ಹೋದರು. ಕತ್ತರಿಸದ ಥಾನಿನ ಬಟ್ಟೆಯನ್ನು ಚೌಕಟ್ಟಿಗಡ್ಡ ಹಿಡಿದು, ಬೆನ್ನು ತಿರುಗಿಸಿ ನಿಂತರು. ಟೋಕನ್ ಯಾರೂ ಕೇಳಲಿಲ್ಲ.

ಮೂರೂಕಾಲು ಗಂಟೆಗೆ ಲೇಬರ್ ಆಫೀಸರ್ ಸಿದ್ದರಾಜು ಬಂದರು. ಅತ್ತಿಬೆಲೆಯಲ್ಲಿ ಇನ್ನೊಂದು ವಿಚಾರಣೆ ಮುಗಿಸಿ ಬಂದಿದ್ದರು. ಬೆವರು, ಕಂಕುಳಲ್ಲಿ ಫೈಲು. ಬಾಗಿಲುಗಳನ್ನು ನೋಡಿದರು, ಮೇಲೆ ಕೂತವರನ್ನು ನೋಡಿದರು.

"ಏನ್ರೀ ಇದು?"

"ರಿಪೇರಿ ಸಾರ್," ಎಂದ ಬಾಲಾಜಿ.

"ಕೂತ್ಕೊಂಡು ಮಾಡೋ ರಿಪೇರಿನಾ?"

ಶಾಂತಿ ಎದ್ದು ನಿಂತಳು. ತಾನು ಕೂತಿದ್ದ ಜಾಗ ತೋರಿಸಿದಳು. ಆಮೇಲೆ ಹೇಳಿದಳು. ಟೋಕನ್ ಕೇಳಿದ ಮೂರು ಹೊತ್ತನ್ನೂ ಹೇಳಿದಳು. ಸ್ಟೂಲು ಹೇಳಿದಳು. ಒರೆಸಿದ ಅಂಗಿಯ ಅಳತೆ ಎಂಥದ್ದು ಎಂಬುದನ್ನೂ ಹೇಳಿದಳು. ಗಂಡಸರು ನೆಲ ನೋಡಿದರು. ಅವಳು ನೋಡಲಿಲ್ಲ. ಈ ಬಾಗಿಲಿನಲ್ಲಿ ಒಂದು ಬಾಣ ನಂದು, ವೇಣಿದಲ್ಲ ಎಂದಳು.

ಸಿದ್ದರಾಜು ಬರೆದುಕೊಂಡರು. ಬಾಲಾಜಿ ಆಫೀಸರ ಫೈಲಿನಿಂದ ಒಂದು ಹಾಳೆ ಎಳೆದು ಮೇಲಿಟ್ಟ. "ಇದನ್ನ ನೋಡಿ ಸಾರ್. ಲ್ಯಾಬ್ ರಿಪೋರ್ಟು. ಎಲ್ಲ ವೇಣಿ ಸುರುಳಿದೇ. ಇವಳೀಗ ಹೇಳ್ಕೊಟ್ಟಿದ್ದು ಹೇಳ್ತಿದಾಳೆ."

"ವಾಸಂತಿ ಅಂದ್ರೆ ಯಾರು?"

ಮುಂದೆ ಹೋದೆ.

"ಇದು ನಿಮ್ಮ ಸಹಿನಾ?"

"ಹೌದು ಸಾರ್."

"ಲೆಕ್ಕ ಸರಿ ಇದೆಯಾ?"

"ಸರಿ ಇದೆ."

ಬಾಲಾಜಿ ಉಸಿರು ಬಿಟ್ಟ.

"ಸುರುಳಿ ಒಂದೇ ಸಾರ್," ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. "ಕೈ ಒಂದಲ್ಲ. ಅದನ್ನ ನಾನು ಬರೀಲಿಲ್ಲ. ವೇಣಿ ಎಡಚಿ. ದಿನಾ ಅವಳು ಬಾಣ ಹಾಕಿದ ಪೀಸು ನನ್ನ ಟೇಬಲ್ಲಿಗೇ ಬರೋದು. ಅವಳ ಬಾಣ ಯಾವಾಗ್ಲೂ ಬಲಕ್ಕೆ ವಾಲಿರುತ್ತೆ. ಹಾಗೆ ವಾಲಿರೋದು ಇಲ್ಲಿ ಹತ್ತೊಂಬತ್ತು. ಹನ್ನೊಂದು ಬಾಣ ನೂರ ತೊಂಬತ್ತು ಸೆಂಟಿಮೀಟರಿಗಿಂತ ಮೇಲಿದೆ. ವೇಣಿ ಕೈ ಎತ್ತಿದ್ರೂ ಅಲ್ಲಿಗೆ ಮುಟ್ಟಲ್ಲ. ಅಳತೆ ಎಲ್ಲ ಬರೆದಿಟ್ಟಿದೀನಿ. ಬಾಗಿಲು ಇಲ್ಲೇ ಇದೆ, ನೀವೇ ಅಳೀಬಹುದು."

"ಹಾಗಾದ್ರೆ ಉಳಿದಿದ್ದು ಯಾರ್ಯಾರ ಕೈ?"

"ಅದು ಹೇಳಲ್ಲ ಸಾರ್."

"ಗೊತ್ತಾ?"

"ಕೆಲವು ಗೊತ್ತು. ಹೇಳಲ್ಲ."

"ನಿಮ್ಮದು?"

"ನಂದು ಒಂದೂ ಇಲ್ಲ."

ಸಿದ್ದರಾಜು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈಯುವ ಮುಖವಲ್ಲ. ನಿಜವಾಗಿ ತಿಳಿಯಬೇಕೆಂಬ ಮುಖ. "ಇಷ್ಟು ಖಚಿತವಾಗಿ ಗೊತ್ತಿತ್ತಲ್ಲಮ್ಮ. ಓದಿದೋರು. ಆರು ವಾರ ಯಾಕೆ ಸುಮ್ನಿದ್ರಿ?"

ವೇಣಿ ಚಂದಾಪುರದ ಒಂಟಿ ಕೋಣೆಯಲ್ಲಿ ಕೂತ ಆರು ವಾರ. ಬಾಲಾಜಿ ನನ್ನನ್ನೇ ನೋಡುತ್ತಿದ್ದ. ತನ್ಮಯಿಯ ಕ್ಯಾಮರಾ ಕೂಡ ನನ್ನ ಕಡೆ ತಿರುಗಿತು. ಮುಖ ತಿರುಗಿಸಿಕೊಳ್ಳಬೇಕು ಅನ್ನಿಸಿತು. ತಿರುಗಿಸಲಿಲ್ಲ.

"ಹೆದರಿಕೆ ಸಾರ್," ಎಂದೆ. "ಅದನ್ನೂ ಬರ್ಕೊಳ್ಳಿ."

ಅವರ ಪೆನ್ನು ಹಾಳೆಯ ಮೇಲೆ ನಿಂತಿತು. ಮುದ್ರಿಸಿದ ಕಾಲಂಗಳನ್ನು ಮೇಲಿಂದ ಕೆಳಗೆ ನೋಡಿದರು. "ಇದಕ್ಕೆ ಇಲ್ಲಿ ಜಾಗ ಇಲ್ವಲ್ಲಮ್ಮ."

ಗೋಡೆಗೆ ಒರಗಿದ್ದ ಧನಲಕ್ಷ್ಮಿ ಅಲ್ಲಿಂದಲೇ ಹೇಳಿದಳು, "ಇಂದ್ಗಡೆ ಖಾಲಿ ಐತಲ್ಲ ಸಾ. ತಿರುವಾಕಿ ಬರೀರಿ."

ಸಿದ್ದರಾಜು ಹಾಳೆಯನ್ನು ತಿರುವಿ ಹಾಕಿದರು.